ಸಾಯದ ಡೆಡ್‌ಲೈನ್

ಡೆಡ್‌ಲೈನ್ ಅನ್ನೋ ಪದವನ್ನು ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಒಂದು ಸಲವೂ ಮೈ ಜುಮ್ ಅನ್ನುವುದಿಲ್ಲ. ಅನ್ನಬೇಕಿತ್ತು.

1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ದಕ್ಷಿಣದ ರಾಜ್ಯಗಳ ಕಡೆಯವರು ಯುದ್ಧಕೈದಿಗಳಿಗೆ ಒಂದು ಸೆರೆಮನೆ ಕಟ್ಟಿದರು. ಸುತ್ತ ಎತ್ತರದ ಮರದ ಗೋಡೆ. ಅದರಿಂದ ಸುಮಾರು 19 ಅಡಿ ಒಳಗೆ ಗೂಟ ನೆಟ್ಟು, ಮೇಲೊಂದು ಪಟ್ಟಿ ಹೊಡೆದ ಗಿಡ್ಡ ಬೇಲಿ. ಅದೇ ಡೆಡ್ ಲೈನ್. ದಾಟಿದರೆ ಕಾವಲುಗಾರನ ಗುಂಡು. ನೋಟಿಸ್ ಇಲ್ಲ, ಜ್ಞಾಪನಾ ಪತ್ರ ಇಲ್ಲ, ದಂಡ ಕಟ್ಟಿ ಬಚಾವಾಗುವ ದಾರಿಯೂ ಇಲ್ಲ. (ಅಲ್ಲಿದ್ದ ಸುಮಾರು 45,000 ಕೈದಿಗಳಲ್ಲಿ ಹತ್ತಿರ ಹತ್ತಿರ 13,000 ಮಂದಿ ಸತ್ತರು, ಹೆಚ್ಚಿನವರು ಬೇಲಿಯ ಹತ್ತಿರವೂ ಹೋಗದೆ, ಹಸಿವು ಕಾಯಿಲೆಗಳಿಂದ. ಸೆರೆಮನೆಯ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರಲ್ಲಿ ಗಲ್ಲಿಗೆ ಹಾಕಿದರು.)

ಆಮೇಲೆ ಪದ ಅಚ್ಚುಮನೆಗೆ ಬಂತು. ಅಲ್ಲಿ ಅದು ಯಂತ್ರದ ಮೇಲಿನ ಒಂದು ಗೆರೆ, ಅದರಾಚೆ ಜೋಡಿಸಿದ ಅಕ್ಷರ ಸರಿಯಾಗಿ ಮೂಡುತ್ತಿರಲಿಲ್ಲ. 20ನೇ ಶತಮಾನದ ಶುರುವಿನಲ್ಲಿ ಅಮೆರಿಕದ ಪತ್ರಿಕೆಯವರು ಸುದ್ದಿ ಕೊಡಬೇಕಾದ ಕೊನೆಯ ಗಳಿಗೆಗೂ ಇದೇ ಹೆಸರಿಟ್ಟರು. ಗುಂಡಿನ ಜಾಗಕ್ಕೆ ಸಂಪಾದಕರ ಬೈಗುಳ ಬಂತು, ಅಷ್ಟೇ.

ಅಲ್ಲಿಂದ ಕಚೇರಿಗೆ ಬಂತು ನೋಡಿ, ಪದದ ಗ್ರಹಚಾರ ಕೆಟ್ಟಿತು.

'ಕೊನೆಯ ದಿನಾಂಕವನ್ನು ವಿಸ್ತರಿಸಲಾಗಿದೆ' ಅಂತ ಪ್ರಕಟಣೆ ಬರುತ್ತದಲ್ಲ, ಹಾಗಾದರೆ ಮೊದಲು ಹೇಳಿದ್ದು ಯಾವುದರ ಕೊನೆ? ಒಂದು ಸಲ ವಿಸ್ತರಿಸಿದ ಮೇಲೆ 'ಕೊನೆಯ' ಅನ್ನುವುದಕ್ಕೆ ಬೆಲೆ ಇರುವುದಿಲ್ಲ, ಆದ್ದರಿಂದ 'ಅಂತಿಮ' ಬರುತ್ತದೆ, ಅದು ಸವೆದ ಮೇಲೆ 'ಕಟ್ಟಕಡೆಯ', ಅದೂ ಮುಗಿದರೆ 'ಯಾವುದೇ ಕಾರಣಕ್ಕೂ ಮತ್ತೆ ವಿಸ್ತರಿಸುವುದಿಲ್ಲ'. ಈ ಸಾಲು ಓದಿದ ಕೂಡಲೇ ಜನ ನಿರಾಳವಾಗುತ್ತಾರೆ. ಸದ್ಯ, ಇನ್ನೂ ಹದಿನೈದು ದಿನ ಸಿಕ್ಕಿತು ಅಂತ.

ಕೊನೆಯ ರಾತ್ರಿ ಹನ್ನೊಂದೂವರೆಗೆ ಎಲ್ಲರೂ ಒಟ್ಟಿಗೆ ವೆಬ್‌ಸೈಟಿಗೆ ನುಗ್ಗುತ್ತಾರೆ. ಸರ್ವರ್ ಮಲಗುತ್ತದೆ. ಇಡೀ ವ್ಯವಹಾರದಲ್ಲಿ ಪದದ ಮೂಲ ಅರ್ಥವನ್ನು ಗೌರವಿಸುವುದು ಅದೊಂದೇ ಪಾಪ, ಗೆರೆ ಹತ್ತಿರ ಬಂದ ತಕ್ಷಣ ಸಾಯುತ್ತದೆ. ಬೆಳಿಗ್ಗೆ ಎದ್ದರೆ 'ತಾಂತ್ರಿಕ ಕಾರಣಗಳಿಂದ' ಮತ್ತೊಂದು ವಿಸ್ತರಣೆ. ತಡವಾಗಿ ಬಂದವರಿಗೆ ದಂಡವೂ ಮನ್ನಾ.

ಇನ್ನು ಮೊದಲ ವಾರವೇ ಫಾರಂ ತುಂಬಿ, ಶುಲ್ಕ ಕಟ್ಟಿ, ರಸೀದಿಗೆ ಲ್ಯಾಮಿನೇಷನ್ ಮಾಡಿಸಿ ಹಾಯಾಗಿ ಕೂತವನೊಬ್ಬ ಇರುತ್ತಾನಲ್ವಾ? ಅವನಿಗೂ ಒಂದು ಮೆಸೇಜ್ ಬರುತ್ತದೆ. ನಮೂನೆ ಬದಲಾಗಿದೆ, ಹೊಸದಾಗಿ ಸಲ್ಲಿಸಿ, ಇಂದೇ ಕೊನೆಯ ದಿನ.