ಟ್ವೆಂಟಿ ಪರ್ಸೆಂಟು

ಪರದೇಶದಲ್ಲಿ ಕನ್ನಡದಲ್ಲಿ ಗುಟ್ಟು ಮಾತಾಡುವುದಕ್ಕೆ ಒಂದೇ ತೊಂದರೆ. ಲೆಕ್ಕ ಬಂದ ಕೂಡಲೇ ನಾವು ಇಂಗ್ಲಿಷಿಗೆ ಜಾರುತ್ತೇವೆ.

"ಮಾವ, ಟ್ವೆಂಟಿ ಪರ್ಸೆಂಟ್ ಕೊಡ್ಬೇಕಂತೆ" ಎಂದು ಅಳಿಯ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ.

"ಟ್ವೆಂಟಿ ಪರ್ಸೆಂಟ್ ಜಾಸ್ತಿ ಆಗ್ಲಿಲ್ವಾ? ಫಿಫ್ಟೀನ್ ಸಾಕು" ಎಂದೆ.

ಎರಡು ಮಾರು ಆಚೆ ನಮ್ಮ ಮೀನು ಕೊಯ್ಯುತ್ತಿದ್ದ ಹುಡುಗನ ಚೂರಿ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಓಡಿತು. ಮಾತು ಅವನ ಟಿಪ್ಸಿನದು. ನಮ್ಮ ಸಂಭಾಷಣೆಯಲ್ಲಿ ಅವನಿಗೆ ಬೇಕಾದ ಎರಡು ಶಬ್ದ ಅವನಿಗೆ ಸಿಕ್ಕಿಬಿಟ್ಟಿದ್ದವು. ಉಳಿದದ್ದು ಬರೀ ವ್ಯಾಕರಣ.

ಇದು ನಡೆದದ್ದು ಫ್ಲೋರಿಡಾದಲ್ಲಿ, ಟ್ಯಾಂಪಾ ಕಡೆಯ ಜಾನ್ಸ್ ಪಾಸ್ ಎಂಬಲ್ಲಿ. 1848ರ ಚಂಡಮಾರುತ ಮರಳದಿಬ್ಬ ಕೊರೆದು ಮಾಡಿಟ್ಟ ಅಳಿವೆ ಅದು. ಈಗ ಅದರ ದಡದ ತುಂಬ ದೋಣಿಗಳು. ಮೀನು ಹಿಡಿಯುವ ದೋಣಿಗಳಲ್ಲ, ಮೀನು ಹಿಡಿಸಿಕೊಡುವ ದೋಣಿಗಳು. ಅರ್ಧ ದಿನಕ್ಕೆ ನಮ್ಮದಕ್ಕೆ 900 ಡಾಲರ್. ಅಳಿಯ ಮೈಸೂರಿನವನು, ಮೊಟ್ಟೆಯನ್ನೂ ಕಣ್ಣು ಮುಚ್ಚಿಕೊಂಡು ತಿನ್ನುವ ಪೈಕಿ. ಮಾವ ಕುಂದಾಪುರದವರು, ಮೀನು ಕಂಡರೆ ಖುಷಿಪಡುತ್ತಾರೆ ಎಂದು ಆಫೀಸಿನ ಇಬ್ಬರು ಗೆಳೆಯರನ್ನೂ ಸೇರಿಸಿ ಬುಕ್ ಮಾಡಿದ್ದ. ಕುಂದಾಪುರದವನಿಗೆ ಮೀನು ತಿನ್ನುವುದು ಗೊತ್ತು. ಹಿಡಿಯುವುದು ಗೊತ್ತು ಅಂತ ಯಾರು ಹೇಳಿದ್ದು? ನಾನು 34 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು.

ಹುಡುಗನಿಗೆ ಅಲ್ಲಿ 'ಮೇಟ್' ಅನ್ನುತ್ತಾರೆ. ದೋಣಿ ಓಡಿಸುವವನು ಕ್ಯಾಪ್ಟನ್, ನಮ್ಮ ದೋಣಿಯ ಯಜಮಾನನೂ ಅವನೇ. ಉಳಿದದ್ದೆಲ್ಲ ಮೇಟ್. ಗಾಳಕ್ಕೆ ಸೀಗಡಿ ಚುಚ್ಚುವುದು, ನಾಲ್ಕು ಜನರ ದಾರ ಒಂದಕ್ಕೊಂದು ಸುತ್ತಿಕೊಂಡಾಗ ಬಿಡಿಸುವುದು, ಮೀನಿನ ಬಾಯಿಂದ ಕೊಕ್ಕೆ ತೆಗೆಯುವುದು, ಅಳಿಯನ ಗೆಳೆಯನೊಬ್ಬ ಐದು ಗಂಟೆಯೂ ಕಟಕಟೆಗೆ ಒರಗಿ ವಾಂತಿ ಮಾಡುತ್ತಿದ್ದಾಗ ಅವನ ಅಂಗಿ ಹಿಡಿದುಕೊಂಡು ನಿಂತು ಶುಂಠಿ ಮಿಠಾಯಿ ಕೊಡುವುದು. ಬಿಳಿ ರಬ್ಬರ್ ಬೂಟು, ಬಿಸಿಲಿಗೆ ಸಿಪ್ಪೆ ಎದ್ದ ಮೂಗು. ವಯಸ್ಸು ಇಪ್ಪತ್ತೆರಡು ಇದ್ದೀತು. ಒಳ್ಳೆಯ ಹುಡುಗ. ಅದರಲ್ಲಿ ನನಗೆ ತಕರಾರಿಲ್ಲ.

ತಕರಾರು ಎರಡು. ಒಂದು, ಹತ್ತುವಾಗಲೇ ನನ್ನ ಚೀಲದಲ್ಲಿದ್ದ ಬಾಳೆಹಣ್ಣು ಹೊರಗೆ ಹಾಕಿಸಿದ. ಮೀನಿನ ದೋಣಿಯಲ್ಲಿ ಬಾಳೆಹಣ್ಣು ಅಪಶಕುನವಂತೆ! ನಮ್ಮಲ್ಲಿ ನೂಲ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿಯೇ ಮೀನುಗಾರಿಕೆಗೆ ಇಳಿಯುವುದು. ಬಾಳೆಹಣ್ಣಿಲ್ಲದೆ ಯಾವ ಪೂಜೆ ಆದೀತು? ಎರಡು, ಐದು ಗಂಟೆಯಲ್ಲಿ ನನ್ನ ಗಾಳಕ್ಕೆ ಬಿದ್ದ ಒಂದೇ ಒಂದು ದೊಡ್ಡ ಮೀನು, ನಮ್ಮ ಮುರು ಮೀನಿನ ಜಾತಿಯ ಕೆಂಪು ಗ್ರೂಪರ್, ಅದನ್ನು ಅಳತೆಪಟ್ಟಿಯ ಮೇಲೆ ಮಲಗಿಸಿ, ತಲೆ ಅಲ್ಲಾಡಿಸಿ, ನನ್ನ ಕಣ್ಣೆದುರೇ ನೀರಿಗೆ ಬಿಟ್ಟ. 20 ಇಂಚು ಇರಬೇಕಂತೆ. ನನ್ನದು 19 ಚಿಲ್ಲರೆ. ಕಾನೂನು ಸರಿಯೇ. ಮರಿ ಮೀನು ಉಳಿಯಬೇಕು ಎಂದು ನಾನೂ ಭಾಷಣ ಮಾಡಬಲ್ಲೆ. ಆದರೆ ಆ ಚಿಲ್ಲರೆ ಎಷ್ಟು ಅಂತ ಅವನು ಇನ್ನೊಂದು ಸಲ ಅಳೆಯಬಹುದಿತ್ತು. ಬ್ಯಾಂಕಿನಲ್ಲಿ ನಾವು ನೋಟಿನ ಕಟ್ಟು ಎರಡು ಸಲ ಎಣಿಸುತ್ತಿದ್ದೆವು.

ಈಗ ಈ ಹುಡುಗನ ಬೆಲೆ ನಾನು ಕಟ್ಟಬೇಕು. 900ಕ್ಕೆ ಹದಿನೈದು ಅಂದರೆ 135, ಇಪ್ಪತ್ತು ಅಂದರೆ 180. ನಡುವೆ 45 ಡಾಲರ್. ಅದರಲ್ಲಿ ಶುಂಠಿ ಮಿಠಾಯಿಗೆ ಎಷ್ಟು, ಬಾಳೆಹಣ್ಣಿಗೆ ಎಷ್ಟು ವಜಾ? ಅದಕ್ಕಿಂತ ಮೊದಲು, ನಾನ್ಯಾಕೆ ಕಟ್ಟಬೇಕು? ಇಂಥ ಹುಡುಗರ ಗಳಿಕೆಯಲ್ಲಿ ಬಹುಪಾಲು ಟಿಪ್ಸೇ ಅಂತ ಅಳಿಯ ಹೇಳಿದಾಗ ನನಗೆ ಕನಿಕರಕ್ಕಿಂತ ಸಿಟ್ಟು ಬಂತು. ಸಂಬಳ ಕೊಡುವುದು ಯಜಮಾನನ ಕೆಲಸ. ನನ್ನನ್ನು ಐದು ಗಂಟೆಯ ಯಜಮಾನನನ್ನಾಗಿ ಮಾಡಿ, ಕೊನೆಯ ಐದು ನಿಮಿಷದಲ್ಲಿ ಸಂಬಳ ನಿಗದಿ ಮಾಡು ಅಂದರೆ? ಆ ದೇಶದಲ್ಲಿ ಟಿಪ್ಸ್ ಸಿಗುವ ಕೆಲಸಕ್ಕೆ ಕೇಂದ್ರದ ಕಾನೂನು ಇಟ್ಟ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಒಂದು ಸೆಂಟೂ ಏರಿಲ್ಲ. ಹಲವು ರಾಜ್ಯಗಳಲ್ಲಿ ಜಾಸ್ತಿ ಇದೆ, ಇರಲಿ. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ನಿಷೇಧಿಸಿ ಕಾನೂನು ತಂದಿತ್ತು, ಇನ್ನೂ ಕೆಲವು ರಾಜ್ಯಗಳು ಹಿಂದೆ ಬಂದವು. 1926ರೊಳಗೆ ಆ ಕಾನೂನುಗಳೆಲ್ಲ ಹೋದವು. ಟಿಪ್ಸು ಉಳಿಯಿತು.

ನಮ್ಮ ಕಡೆ ಕೈರಂಪಣಿ ಬಲೆ ಎಳೆಯುವವರನ್ನು ನೋಡಿದ್ದೇನೆ. ಹಗ್ಗದ ಎರಡು ತುದಿಗೆ ಸಾಲಾಗಿ ನಿಂತು ದಡಕ್ಕೆ ಎಳೆಯುತ್ತಾರೆ. ಎಳೆದವನಿಗೆ ಪಾಲು. ಅವನು ನಕ್ಕನೋ, ಹಣ್ಣು ಎಸೆದನೋ, ಯಾರೂ ಕೇಳುವುದಿಲ್ಲ.

ಟಿಪ್ಸ್ ಅಂದರೆ ನನಗೆ ಮೊದಲು ನೆನಪಾಗುವುದು ನಮ್ಮ ಚಿಕ್ಕಪ್ಪ. ಮುಂಬೈಯ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲಿಗೆ ಹನ್ನೆರಡನೇ ವಯಸ್ಸಿಗೆ ಕ್ಲೀನರ್ ಆಗಿ ಸೇರಿ, ಆಮೇಲೆ ಸಪ್ಲಾಯರ್ ಆದವರು. ರಜೆಗೆ ಊರಿಗೆ ಬಂದಾಗ ಜಗಲಿಯಲ್ಲಿ ಕೂತು ನಮಗೆ ಟಿಪ್ಸಿನ ಶಾಸ್ತ್ರ ಹೇಳುತ್ತಿದ್ದರು. "ಎರಡ್ನೇ ಸಲ ಚಟ್ನಿ ಕೇಳುವವ ಕೊಡುದಿಲ್ಲ. ಮೂರ್ನೇ ಸಲ ಕೇಳುವವ ಕೊಡ್ತ." ಯಾಕೆ? ಮೂರನೇ ಸಲಕ್ಕೆ ಅವನಿಗೇ ನಾಚಿಕೆ ಆಗಿರುತ್ತದೆ. ಬಿಲ್ಲಿನ ತಟ್ಟೆಯಿಂದ ಹಿಡಿ ತುಂಬ ಸೋಂಪು ತೆಗೆದುಕೊಳ್ಳುವವನ ಆಸೆ ಬಿಟ್ಟುಬಿಡಬೇಕು. ಹೆಂಡತಿಯ ಜೊತೆ ಬಂದವನು ಕಡಿಮೆ ಕೊಡುತ್ತಾನೆ. ಹೆಂಡತಿ ಆಗಲಿರುವವಳ ಜೊತೆ ಬಂದವನು ನೋಟು ಇಡುತ್ತಾನೆ.

ಅವರಿಗೆ ಒಬ್ಬ ಬಟ್ಟೆ ವ್ಯಾಪಾರದ ಸೇಟು ಗಿರಾಕಿ ಇದ್ದ. ದಿನಾ ಬೆಳಗ್ಗೆ ಅದೇ ಮೂಲೆಯ ಟೇಬಲ್ಲು, ಎರಡು ಇಡ್ಲಿ, ಒಂದು ಕಾಫಿ. ಹೋಗುವಾಗ ಬಸಿಯ ಕೆಳಗೆ ಒಂದು ನಾಲ್ಕಾಣೆ. ಬೇರೆಯವರ ಟಿಪ್ಸು ಬೀಡಿಗೆ, ಸಿನಿಮಾಕ್ಕೆ ಖರ್ಚಾಗುತ್ತಿತ್ತು. ಸೇಟುವಿನ ನಾಲ್ಕಾಣೆ ಮಾತ್ರ ಚಿಕ್ಕಪ್ಪ ಒಂದು ಬೋರ್ನ್‌ವಿಟಾ ಡಬ್ಬಿಗೆ ಹಾಕುತ್ತಿದ್ದರು. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ದೊಡ್ಡ ಮನುಷ್ಯ ನನ್ನನ್ನು ಗುರುತಿಸಿ ಕೊಟ್ಟದ್ದು ಅಂತ ಇದ್ದೀತು. ಹೀಗೆ ಎರಡು ವರ್ಷ ನಡೆಯಿತು. ಒಂದು ದಿನ ಬಸಿ ಎತ್ತಿದರೆ ಏನೂ ಇಲ್ಲ. ಮರುದಿನವೂ ಇಲ್ಲ. ಚಿಕ್ಕಪ್ಪನಿಗೆ ರಾತ್ರಿ ನಿದ್ದೆ ಬರಲಿಲ್ಲ. ಇಡ್ಲಿ ತಣ್ಣಗಿತ್ತಾ, ಬೆರಳು ನೀರಿನ ಲೋಟದೊಳಗೆ ಅದ್ದಿತಾ ಎಂದು ಯೋಚಿಸಿ ಯೋಚಿಸಿ ನಾಲ್ಕನೇ ದಿನ ಕೇಳಿಯೇಬಿಟ್ಟರು: ಸೇಟ್‌ಜಿ, ನನ್ನಿಂದ ಏನಾದರೂ ತಪ್ಪಾಯಿತಾ?

ಸೇಟು ಆಶ್ಚರ್ಯದಿಂದ ತಲೆ ಎತ್ತಿದ. ತಪ್ಪೇನಿಲ್ಲ, ನೀನು ಸಾಂಬಾರು ಜಾಸ್ತಿ ಹಾಕುತ್ತಿದ್ದೆಯಲ್ಲ, ಅದಕ್ಕೆ ಕೊಡುತ್ತಿದ್ದೆ, ಈಗ ಡಾಕ್ಟರು ಸಾಂಬಾರು ಬಿಡು ಅಂದಿದ್ದಾರೆ, ಎಂದ.

"ನಾ ಎಣಿಸಿದ್ದ್ ನಂಗೆ ಕೊಡ್ತ ಅಂದೇಳಿ. ಅವ ಕೊಡ್ತಿದ್ದದ್ ಸಾಂಬಾರಿಗೆ, ಮಾರಾಯ!" ಎನ್ನುವಾಗ ಎಪ್ಪತ್ತು ದಾಟಿದ ಮೇಲೂ ಚಿಕ್ಕಪ್ಪನ ದನಿ ಏರುತ್ತಿತ್ತು.

2011ರ ಜೂನ್ ಕೊನೆಗೆ ನಾಲ್ಕಾಣೆ ರದ್ದಾಗುತ್ತದೆ ಎಂದು ಪೇಪರಿನಲ್ಲಿ ಬಂದಾಗ ಅವರು ಆ ಡಬ್ಬಿ ಹಿಡಿದುಕೊಂಡು ನನ್ನ ಕೌಂಟರಿಗೆ ಬಂದರು. ಮುಚ್ಚಳಕ್ಕೆ ತುಕ್ಕು ಹಿಡಿದು ಚಮಚದ ಹಿಡಿಯಿಂದ ಮೀಟಬೇಕಾಯಿತು. ಇಪ್ಪತ್ತಿಪ್ಪತ್ತರ ಕಂಬ ಕಟ್ಟಿ ಎಣಿಸಿದೆ. 712 ನಾಣ್ಯ. 178 ರೂಪಾಯಿ. ಕೊಟ್ಟೆ. ಅವರು ಅದರಿಂದ ಹತ್ತರ ನೋಟೊಂದನ್ನು ಬೇರೆ ಮಾಡಿ ಕಿಂಡಿಯಿಂದ ವಾಪಸ್ ತಳ್ಳಿದರು. "ಚಾ ಕುಡಿ." ಚಿಕ್ಕಪ್ಪ, ಇದು ಬ್ಯಾಂಕು, ಎಂದು ನಾನು ಆಚೆ ತಳ್ಳಿದೆ. ಅವರು ಈಚೆ ತಳ್ಳಿದರು. ಹಿಂದೆ ಕ್ಯೂ ಬೆಳೆಯಿತು. ಮ್ಯಾನೇಜರು ಗಾಜಿನ ಕೋಣೆಯಿಂದ ಕತ್ತು ಉದ್ದ ಮಾಡಿದರು. ಕೊನೆಗೆ ಅದನ್ನು ಡ್ರಾಯರಿನ ಮೂಲೆಗೆ ಹಾಕಿದೆ. ಆ ದಿನ ನನಗೆ ಕ್ಯಾಶ್ ತಾಳೆಯಾಗಲಿಲ್ಲ. ಹತ್ತು ರೂಪಾಯಿ ಜಾಸ್ತಿ ಬಂತು. ಯಾಕೆ ಅಂತ ನೆನಪಾಗಬೇಕಾದರೆ ಸಂಜೆ ಆರೂವರೆ!

ಎಲ್ಲಿದ್ದೆ? ಮೀನು.

ಅಲ್ಲಿ ಇಂಥ ಮೀನನ್ನು ತಲೆ ಸಮೇತ ದಡಕ್ಕೆ ತರಬೇಕು ಎಂದು ಕಾನೂನು. ಆದ್ದರಿಂದ ಕೊಯ್ಯುವುದು ದಡದ ಮೇಜಿನ ಮೇಲೆ. ಹುಡುಗ ಬೆನ್ನಿನ ಉದ್ದಕ್ಕೆ ಒಂದು ಗೀರು ಹಾಕಿ, ಎರಡು ಪಕ್ಕದ ಮಾಂಸವನ್ನು ಪುಸ್ತಕದ ಹಾಳೆ ಮಗುಚಿದ ಹಾಗೆ ಬಿಡಿಸುತ್ತಿದ್ದ. ತಲೆ, ಮುಳ್ಳು ಎಲ್ಲ ಡ್ರಮ್ಮಿಗೆ. ಹೆಜ್ಜಾರ್ಲೆಗಳಿಗೆ ತಿನ್ನಿಸಬೇಡಿ ಎಂಬ ಬೋರ್ಡಿನ ಮೇಲೆಯೇ ಒಂದು ಹೆಜ್ಜಾರ್ಲೆ ಕೂತು, ಏನೂ ಬೇಡದವರಂತೆ ಬೇರೆ ಕಡೆ ನೋಡುತ್ತಿತ್ತು.

ಅಳಿಯ ಎಟಿಎಮ್ಮಿಗೆ ಹೋಗಿ ಬಂದ. ಯಂತ್ರದಲ್ಲಿ ಇಪ್ಪತ್ತರ ನೋಟು ಮಾತ್ರ. ಹದಿನೈದಕ್ಕೂ ಇಪ್ಪತ್ತಕ್ಕೂ ನಡುವೆ ಎಂಟು ನೋಟು ಮಡಿಸಿ, ಕೈ ಕುಲುಕುವ ನೆಪದಲ್ಲಿ ಹುಡುಗನ ಅಂಗೈಗೆ ದಾಟಿಸಿದ. ಹುಡುಗ ಎಣಿಸಲಿಲ್ಲ. ಥ್ಯಾಂಕ್ಸ್ ಹೇಳಿ ಜೇಬಿಗೆ ಹಾಕಿದ. ಅಷ್ಟಕ್ಕೆ ಮುಗಿಯಿತು, ಸರಿಯಾಗಿ 160 ಡಾಲರ್, ಯಾವ ಪರ್ಸೆಂಟೂ ಅಲ್ಲ.

ನಾನು ಡ್ರಮ್ಮನ್ನು ನೋಡುತ್ತಿದ್ದೆ. ನಮ್ಮ ಕೆಂಬೇರಿಯ ದಾಯಾದಿಯಂತಿದ್ದ ಬೂದು ಸ್ನಾಪರಿನ ತಲೆಗಳು, ಕಣ್ಣು ಇನ್ನೂ ಹೊಳೆಯುತ್ತಿತ್ತು. ಅಷ್ಟು ತಲೆ ಕುಂದಾಪುರದಲ್ಲಿ ಎಸೆದರೆ ಮನೆಯಲ್ಲಿ ಪಂಚಾಯಿತಿ ಆಗುತ್ತದೆ. ತಡೆಯಲಾಗಲಿಲ್ಲ. ಬೆರಳು ತೋರಿಸಿ, ತಲೆ ನನಗೆ ಬೇಕು ಎಂದೆ. ಹುಡುಗ ನನ್ನ ಮುಖ ನೋಡಿದ. ಆಮೇಲೆ ಬೆಳಗ್ಗಿನಿಂದ ಮೊದಲ ಸಲ ನಿಜವಾಗಿ ನಕ್ಕು, ಒಂದು ಚೀಲಕ್ಕೆ ನಮ್ಮ ಒಂಬತ್ತು ತಲೆ ತುಂಬಿದ. ತುಂಬಿ, ಪಕ್ಕದ ಮೇಜಿನವನಿಗೆ ಏನೋ ಕೂಗಿ ಹೇಳಿ, ಅವನ ಹತ್ತಿರ ಇದ್ದ ಎರಡು ದೊಡ್ಡ ತಲೆಯನ್ನೂ ಮೇಲಿಂದ ಹಾಕಿದ.

ಕೊಸರು! ನಮ್ಮ ಪೇಟೆಯ ಮೀನಿನ ಹೆಂಗಸರು ಬಂಗುಡೆ ಎಣಿಸಿ ಕೊಟ್ಟು, ಕೊನೆಗೆ ಇನ್ನೆರಡು ಹಾಕುತ್ತಾರಲ್ಲ, ಅದೇ ಕೈ, ಅದೇ ರೀತಿ.

ನನ್ನ ಪರ್ಸಿನಲ್ಲಿ ಮಗಳು ಕೊಟ್ಟ ಒಂದು ಇಪ್ಪತ್ತರ ನೋಟು ಇತ್ತು. ಯಾವಾಗ ತೆಗೆದೆನೋ, ಹೇಗೆ ಕೊಟ್ಟೆನೋ, ಅಂತೂ ಕೊಟ್ಟೆ.

ಕಾರಿನಲ್ಲಿ ಹದಿನೈದು ನಿಮಿಷ ಯಾರೂ ಮಾತಾಡಲಿಲ್ಲ. ಹನ್ನೊಂದು ತಲೆಯ ಚೀಲ ನನ್ನ ಕಾಲ ಬುಡದಲ್ಲಿತ್ತು. ಎಸಿ ಜೋರಾಗಿತ್ತು.

"ಮಾವ, ಕೊನೇಲಿ ಆ ಟ್ವೆಂಟಿ ಯಾಕೆ ಕೊಟ್ರಿ? ಹುಡುಗ ಪಾಪ ಅನ್ನಿಸ್ತಾ, ಇಲ್ಲಾ ಆ ತಲೆಗಳಿಗಾ?" ಎಂದು ಅಳಿಯ ಕೇಳಿದ.

ಸ್ವಲ್ಪ ಕಿಟಕಿ ಇಳಿಸು ಎಂದೆ.