ಬಣ್ಣ ತೆಗೆಯುವ ಮುನ್ನ ಒಂದು ಕಾರಣ ಬೇಕು

ಬೀದಿಯಲ್ಲಿ ತೆಗೆದ ಫೋಟೊ ಬಣ್ಣದಲ್ಲಿ ಉಳಿಯಬೇಕೋ ಕಪ್ಪು-ಬಿಳುಪಾಗಬೇಕೋ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಅನೇಕರು ಎಡಿಟಿಂಗಿನ ಕೊನೆಯ ಹಂತಕ್ಕೆ ಬಿಡುತ್ತಾರೆ. ಚಿತ್ರ ಯಾಕೋ ಕೂಡಿಬರುತ್ತಿಲ್ಲ ಎನಿಸಿದಾಗ ಬಣ್ಣ ತೆಗೆದು ನೋಡುವುದು, ಸ್ವಲ್ಪ ಗಂಭೀರವಾಗಿ ಕಂಡರೆ ಹಾಗೆಯೇ ಹಾಕಿಬಿಡುವುದು ರೂಢಿಯಾಗಿದೆ. ಭಾನುವಾರ ಬೆಳಗ್ಗೆ ಬೆಂಗಳೂರಿನ ಪೇಟೆ ಬೀದಿಗಳನ್ನು ಸುತ್ತಿ ಬರುವ ಗೆಳೆಯರ ಚಿತ್ರಗಳನ್ನು ನೋಡುವಾಗ ನನಗೆ ಇನ್ನೊಂದು ರೂಢಿಯೂ ಕಾಣುತ್ತದೆ. ಹಬ್ಬ, ಮೆರವಣಿಗೆ, ಮೆಟ್ರೊ, ಚರ್ಚ್ ಸ್ಟ್ರೀಟಿನ ಹುಡುಗ ಹುಡುಗಿಯರು ಬಣ್ಣದಲ್ಲಿರುತ್ತಾರೆ. ಮೂಟೆ ಹೊರುವವರು, ಹೂ ಕಟ್ಟುವ ಅಜ್ಜಿಯರು, ಬೀಡಿ ಹಚ್ಚುವ ಮುದುಕರು ಕಪ್ಪು-ಬಿಳುಪಿನಲ್ಲಿರುತ್ತಾರೆ. ಯಾರೂ ಇದನ್ನು ಬೇಕೆಂದು ವಿಂಗಡಿಸಿರಲಾರರು. ಆದರೂ ಈ ವಿಂಗಡಣೆ ನನ್ನನ್ನು ಬಹಳ ಕಾಡುತ್ತದೆ. ಬಣ್ಣ ತೆಗೆಯುವುದಕ್ಕೆ ಒಂದು ಕಾರಣ ಇರಬೇಕು, ಮತ್ತು ಆ ಕಾರಣ ಚಿತ್ರದ ಒಳಗೇ ಸಿಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆ.ಆರ್. ಮಾರುಕಟ್ಟೆಯ ಹೂವಿನ ಅಂಗಳವನ್ನೇ ನೋಡೋಣ. ಮೇಲಿನ ಮಹಡಿಯ ಮೊಗಸಾಲೆಯಿಂದ ಕೆಳಗೆ ಬಗ್ಗಿ ಒಂದಾದರೂ ಚಿತ್ರ ತೆಗೆಯದ ಫೋಟೊಗ್ರಾಫರ್ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಚೆಂಡುಹೂವಿನ ರಾಶಿ, ಹಳದಿ ಮತ್ತು ಬಿಳಿ ಸೇವಂತಿಗೆ, ಕೆಂಪು ಗುಲಾಬಿ, ನಡುನಡುವೆ ತಕ್ಕಡಿ ಹಿಡಿದ ಕೈಗಳು. ಇದನ್ನು ಯಾವ ಹೊಂದಾಣಿಕೆಯೂ ಇಲ್ಲದೆ ಕಪ್ಪು-ಬಿಳುಪು ಮಾಡಿದರೆ ಹಳದಿ ಸೇವಂತಿಗೆಗೂ ಬಿಳಿ ಸೇವಂತಿಗೆಗೂ ಇರುವ ಅಂತರ ಬಹುಪಾಲು ಅಳಿಸಿಹೋಗುತ್ತದೆ, ಗುಲಾಬಿಯ ಕೆಂಪು ಮತ್ತು ಎಲೆಯ ಕಡುಹಸಿರು ಹತ್ತಿರ ಹತ್ತಿರ ಒಂದೇ ಬೂದು ಬಣ್ಣಕ್ಕೆ ಇಳಿಯುತ್ತವೆ. ನಮ್ಮ ಕಣ್ಣಿಗೆ ಹೊಳಪಿನ ಅನುಭವ ಹೆಚ್ಚಾಗಿ ಹಸಿರಿನಿಂದ, ಬಹಳ ಕಡಿಮೆ ನೀಲಿಯಿಂದ ಬರುವುದೇ ಇದಕ್ಕೆ ಕಾರಣ. ಪರದೆಗಳಿಗೆ ಬಳಸುವ ಸಾಮಾನ್ಯ ಲೆಕ್ಕದಲ್ಲಿ ಹೊಳಪಿನ ಪಾಲು ಹಸಿರಿಗೆ ಸುಮಾರು 72%, ಕೆಂಪಿಗೆ 21%, ನೀಲಿಗೆ 7%. ಹಾಗಾಗಿ ನಮ್ಮ ಕಣ್ಣನ್ನು ಥಟ್ಟನೆ ಹಿಡಿದಿದ್ದ ಕೆಂಪು, ಬಣ್ಣ ಹೋದ ಕೂಡಲೇ ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ಆ ಅಂಗಳದಲ್ಲಿ ವ್ಯಾಪಾರ ನಡೆಯುವುದೇ ಬಣ್ಣದ ಮೇಲೆ. ಕೊಳ್ಳುವವರು ಹೂವನ್ನು ಆರಿಸುವುದು ಅದನ್ನು ನೋಡಿಯೇ. ಅಲ್ಲಿ ಬಣ್ಣ ತೆಗೆದರೆ ಆ ಜನ ಏನು ಮಾಡುತ್ತಿದ್ದಾರೆ ಎಂಬುದರ ಅರ್ಧವನ್ನೇ ತೆಗೆದಂತಾಗುತ್ತದೆ.

ಅದೇ ಅಂಗಳದಿಂದ ಹೊರಗೆ ಬಂದು ಚಿಕ್ಕಪೇಟೆಯ ಇಕ್ಕಟ್ಟಾದ ಓಣಿಯೊಂದಕ್ಕೆ ಹೊಕ್ಕರೆ ನನ್ನ ನಿರ್ಧಾರ ಬದಲಾಗಬಹುದು. ಎರಡು ಕಟ್ಟಡಗಳ ನಡುವಿನಿಂದ ಒಂದು ಪಟ್ಟಿಯಷ್ಟು ಬಿಸಿಲು ನೆಲಕ್ಕೆ ಬಿದ್ದಿದೆ, ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತವನೊಬ್ಬ ಆ ಬಿಸಿಲನ್ನು ದಾಟುತ್ತಿದ್ದಾನೆ, ಅವನ ಕತ್ತಿನ ನರ ಬಿಗಿದಿರುವುದು ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದೆ. ಹಿಂದೆ ಅಂಗಡಿಯ ಹೊಳೆಯುವ ಗುಲಾಬಿ ಬಣ್ಣದ ಫ್ಲೆಕ್ಸ್ ಇದೆ. ಚಿತ್ರ ಇರುವುದು ಕತ್ತಿನಲ್ಲಿ ಮತ್ತು ಬೆಳಕಿನಲ್ಲಿ. ಕಣ್ಣು ಮಾತ್ರ ಮತ್ತೆ ಮತ್ತೆ ಫ್ಲೆಕ್ಸಿಗೆ ಓಡುತ್ತದೆ. ಇಲ್ಲಿ ಬಣ್ಣ ತೆಗೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ, ಏಕೆಂದರೆ ಏನನ್ನು ಬಿಡುತ್ತಿದ್ದೇನೆ, ಯಾಕೆ ಬಿಡುತ್ತಿದ್ದೇನೆ ಎಂಬುದನ್ನು ಬೆರಳಿಟ್ಟು ಹೇಳಬಲ್ಲೆ.

ಮನುಷ್ಯರ ಮುಖದ ವಿಷಯಕ್ಕೆ ಬಂದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಲೈಟ್‌ರೂಮಿನಂಥ ಸಾಫ್ಟ್‌ವೇರುಗಳಲ್ಲಿ ಕಪ್ಪು-ಬಿಳುಪಿಗೆ ಬದಲಾಯಿಸಿದ ಮೇಲೂ ಕೆಂಪು, ಕಿತ್ತಳೆ, ಹಳದಿ, ಹಸಿರು ಹೀಗೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಲೈಡರುಗಳಿರುತ್ತವೆ. ಮೂಲದಲ್ಲಿ ಆ ಬಣ್ಣವಿದ್ದ ಜಾಗ ಎಷ್ಟು ಬೆಳ್ಳಗೆ ಅಥವಾ ಕಪ್ಪಗೆ ಕಾಣಬೇಕೆಂಬುದನ್ನು ಅವು ನಿರ್ಧರಿಸುತ್ತವೆ. ನಮ್ಮ ಜನರ ಮೈಬಣ್ಣ ಬಹುತೇಕ ಕಿತ್ತಳೆ ಮತ್ತು ಕೆಂಪಿನ ವ್ಯಾಪ್ತಿಯಲ್ಲಿ ಬರುತ್ತದೆ. ಕಿತ್ತಳೆಯ ಸ್ಲೈಡರನ್ನು ಮೇಲಕ್ಕೆ ಎಳೆದರೆ ಕಪ್ಪು ಮೈಯವರು ಕ್ಷಣದಲ್ಲಿ ಬೆಳ್ಳಗಾಗುತ್ತಾರೆ. ಕೆಳಕ್ಕೆ ಎಳೆದರೆ ಸುಕ್ಕು, ಕಲೆ, ಬೆವರಿನ ಗೆರೆ ಎಲ್ಲ ಎದ್ದು ಬಂದು ಐವತ್ತರ ಹೆಂಗಸು ಎಂಬತ್ತರವಳಂತೆ ಕಾಣುತ್ತಾಳೆ. ಹಳೆಯ ಕಾಲದ ಫಿಲ್ಮುಗಳಲ್ಲಿ ಕೆಂಪಿಗೆ ಸ್ಪಂದಿಸದ ಬಗೆಯೊಂದಿತ್ತು, ಅದರಲ್ಲಿಯೂ ಚರ್ಮ ಹೀಗೆಯೇ ಕಪ್ಪಾಗಿ, ಒರಟಾಗಿ ಮೂಡುತ್ತಿತ್ತು. ಅಂದು ಅದು ರಸಾಯನದ ಮಿತಿಯಾಗಿತ್ತು, ಇಂದು ನಾವು ಕೈಯಾರೆ ಮಾಡುವ ಆಯ್ಕೆ. ಆವೆನ್ಯೂ ರಸ್ತೆಯ ಬದಿಯಲ್ಲಿ ಕೂತ ಹಿರಿಯರೊಬ್ಬರ ಮುಖವನ್ನು ‘ಬದುಕಿನ ಕಥೆ ಹೇಳುವ ಸುಕ್ಕುಗಳು’ ಎಂಬ ಸಾಲಿನೊಂದಿಗೆ ಹಾಕುವ ಮೊದಲು, ಆ ಸುಕ್ಕುಗಳಲ್ಲಿ ಅವರವು ಎಷ್ಟು, ನಮ್ಮ ಸ್ಲೈಡರಿನವು ಎಷ್ಟು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಇದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಕಾಲದ ಪ್ರಶ್ನೆ. ಬಣ್ಣದ ಚಿತ್ರದಲ್ಲಿ ವರ್ಷದ ಗುರುತು ಸುಲಭವಾಗಿ ಉಳಿಯುತ್ತದೆ: ಹಮಾಲಿಯ ಟೀಶರ್ಟಿನ ಮೇಲಿನ ಐಪಿಎಲ್ ತಂಡದ ಕೆಂಪು, ತಳ್ಳುಗಾಡಿಗೆ ಅಂಟಿಸಿದ ಕ್ಯೂಆರ್ ಚೀಟಿ, ಹಿಂದೆ ನಿಂತ ಆಟೊದ ಹಸಿರು-ಹಳದಿ. ಕಪ್ಪು-ಬಿಳುಪು ಇವುಗಳಲ್ಲಿ ಕೆಲವನ್ನು ಮಸುಕಾಗಿಸಿ, ಉಳಿದವನ್ನೂ ಹಳೆಯ ಕಾಲದ ನೆನಪಿನೊಳಗೆ ಸೇರಿಸಿಬಿಡುತ್ತದೆ. ಆ ಮನುಷ್ಯ ಇವತ್ತು ನಮ್ಮ ಜತೆ ಇದೇ ನಗರದಲ್ಲಿ, ಇದೇ ಬಾಡಿಗೆ, ಇದೇ ಬಸ್ ದರದ ನಡುವೆ ಬದುಕುತ್ತಿದ್ದಾನೆ. ಅವನ ಶ್ರಮವನ್ನು ಕಾಲಾತೀತ ಎಂದು ಕರೆಯುವ ಆಸೆಯಲ್ಲಿ ಅವನನ್ನು ಕಾಲದಿಂದಲೇ ಹೊರಗಿಡುವುದು ನನಗೆ ಅನ್ಯಾಯವೆನಿಸುತ್ತದೆ. ಬಡತನಕ್ಕೆ ಬಣ್ಣ ಒಪ್ಪುವುದಿಲ್ಲ ಎಂಬ ಗ್ರಹಿಕೆ ನಮ್ಮದೇ ಹೊರತು ಅವರದಲ್ಲ. ಮಾರುಕಟ್ಟೆಯ ಹೆಂಗಸರು ಆರಿಸಿ ಉಟ್ಟ ಸೀರೆಗಳನ್ನು ಒಮ್ಮೆ ನೋಡಿದರೆ ಅದು ತಿಳಿಯುತ್ತದೆ.

ಕಪ್ಪು-ಬಿಳುಪೇ ಗಂಭೀರ ಕಲೆ ಎಂಬ ಭಾವನೆಗೆ ಇತಿಹಾಸವಿದೆ ನಿಜ. ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಕಪ್ಪು-ಬಿಳುಪಿನಲ್ಲಿ ಕಂಡ ರೀತಿಯನ್ನು ನಾನು ಅಪಾರವಾಗಿ ಗೌರವಿಸುತ್ತೇನೆ. ಅಂದಿನ ಪತ್ರಿಕೆಗಳ ಪುಟಗಳೂ ಬಹುಪಾಲು ಕಪ್ಪು-ಬಿಳುಪೇ ಆಗಿದ್ದವು ಎಂಬುದನ್ನೂ ನಾವು ಮರೆಯಬಾರದು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1976ರಲ್ಲಿ ಅಮೆರಿಕದ ಫೋಟೊಗ್ರಾಫರ್ ವಿಲಿಯಂ ಎಗಲ್ಸ್ಟನ್ ಅವರ ಬಣ್ಣದ ಚಿತ್ರಗಳು ಪ್ರದರ್ಶನಗೊಂಡಾಗ ಅನೇಕ ವಿಮರ್ಶಕರು ಅದನ್ನು ಕಟುವಾಗಿ ಟೀಕಿಸಿದರು. ನಮ್ಮ ದೇಶದಲ್ಲಿ ಫೋಟೊಗ್ರಾಫರ್ ರಘುಬೀರ್ ಸಿಂಗ್ (1942–1999) ಅದಕ್ಕೂ ಮೊದಲಿನಿಂದಲೇ ಬಣ್ಣದಲ್ಲಿ ಬೀದಿಗಳನ್ನು ಚಿತ್ರಿಸುತ್ತಿದ್ದರು, ಬಣ್ಣವೇ ಭಾರತೀಯ ನೋಟದ ಸಹಜ ಗುಣವೆಂದು ವಾದಿಸಿದರು. ಆ ವಾದವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ, ಮಳೆಗಾಲದ ಬೆಂಗಳೂರಿನ ಮೋಡ ಕವಿದ ಮಧ್ಯಾಹ್ನಗಳು ಬೂದು ಬಣ್ಣದಲ್ಲಿಯೇ ಚೆಲುವಾಗಿರುತ್ತವೆ. ಆದರೆ ಅವರ ಚಿತ್ರಗಳನ್ನು ನೋಡಿದವರು ಬಣ್ಣವನ್ನು ಅಲಂಕಾರವೆಂದು ತಳ್ಳಿಹಾಕಲಾರರು.

ರಾತ್ರಿಯ ಚಿತ್ರಗಳಲ್ಲಿ ಇನ್ನೊಂದು ತೊಡಕು ಬರುತ್ತದೆ. ಬೀದಿದೀಪದ ಕಿತ್ತಳೆ ಬೆಳಕು, ಅಂಗಡಿಯ ಎಲ್‌ಇಡಿಯ ತಣ್ಣನೆಯ ಬಿಳಿ ಒಂದೇ ಮುಖದ ಎರಡು ಬದಿಗೆ ಬಿದ್ದಾಗ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣಗಳನ್ನು ತೂಗಿಸುವುದು, ಸರಿಹೊಂದಿಸುವುದು ಕಷ್ಟ, ಆ ಬೇಸರಕ್ಕೇ ಹಲವರು ಬಣ್ಣ ತೆಗೆದುಬಿಡುತ್ತಾರೆ. ಆ ಕಲಬೆರಕೆ ಬೆಳಕೇ ಇಂದಿನ ಬೆಂಗಳೂರಿನ ರಾತ್ರಿ, ಅದನ್ನು ಹಾಗೆಯೇ ಬಿಡುವುದು ಲೇಸು. ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂದು ಮೂರು ಚಾನೆಲ್ಲುಗಳಲ್ಲಿ ಬಣ್ಣವನ್ನು ದಾಖಲಿಸುತ್ತದೆ; ಕೆಂಪು ಬೋರ್ಡಿನ ಬೆಳಕು ಅತಿಯಾಗಿ ಕೆಂಪಿನ ಮಾಹಿತಿ ಪೂರ್ತಿ ಸುಟ್ಟುಹೋಗಿ, ಮುಖದ ವಿವರ ಹಸಿರಿನ ಚಾನೆಲ್ಲಿನಲ್ಲಿ ಮಾತ್ರ ಉಳಿದಿದ್ದರೆ ಮಾತು ಬೇರೆ, ಆಗ ಕಪ್ಪು-ಬಿಳುಪು ನಿಜವಾಗಿಯೂ ಮುಖವನ್ನು ಉಳಿಸಿಕೊಡುತ್ತದೆ.

ಇದೆಲ್ಲ ಸಾಧ್ಯವಾಗಬೇಕಾದರೆ ರಾ ಫೈಲಿನಲ್ಲಿಯೇ, ಅಂದರೆ ಕ್ಯಾಮೆರಾದ ಸೆನ್ಸರ್ ದಾಖಲಿಸಿದ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಫೈಲಿನಲ್ಲಿಯೇ, ತೆಗೆಯಬೇಕು. ಕ್ಯಾಮೆರಾವನ್ನು ಮಾನೋಕ್ರೋಮಿಗೆ (ಕಪ್ಪು-ಬಿಳುಪಿಗೆ) ಇಟ್ಟು ರಾನಲ್ಲಿ ತೆಗೆದರೆ ಪರದೆಯಲ್ಲಿ ಬೆಳಕು-ನೆರಳಷ್ಟೇ ಕಾಣುತ್ತದೆ, ಫೈಲಿನಲ್ಲಿ ಬಣ್ಣ ಭದ್ರವಾಗಿರುತ್ತದೆ. ಕ್ಯಾಮೆರಾವೇ ಸಂಸ್ಕರಿಸಿ ಉಳಿಸುವ ಜೆಪೆಗ್ ಮಾತ್ರ ಆರಿಸಿದ್ದರೆ ಹೋದ ಬಣ್ಣ ಹೋಯಿತು. ಮನೆಗೆ ಬಂದು ತೆರೆಯುವಾಗ ಮೊದಲು ಬಣ್ಣದಲ್ಲಿಯೇ ನೋಡಿ, ಎರಡೂ ರೂಪಗಳನ್ನು ಅಕ್ಕಪಕ್ಕ ಇಟ್ಟು, ಒಂದು ರಾತ್ರಿ ಬಿಟ್ಟು ಮತ್ತೆ ನೋಡಬೇಕೆಂದು ನನ್ನ ಸಲಹೆ.

ಇನ್ನು ಸರಣಿಯ ವಿಷಯ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಚಿತ್ರಗಳನ್ನು ಒಟ್ಟಾಗಿ ತೋರಿಸುವಾಗ ನಡುವೆ ಒಂದೇ ಒಂದು ಕಪ್ಪು-ಬಿಳುಪು ಬಂದರೆ ನೋಡುವವರು ಅದನ್ನು ಹಳೆಯದೆಂದೋ ದುಃಖದ್ದೆಂದೋ ಓದಿಕೊಳ್ಳುತ್ತಾರೆ, ಚಿತ್ರದಲ್ಲಿ ಅಂಥದ್ದೇನೂ ಇಲ್ಲದಿದ್ದರೂ. ಕಡಲೆಕಾಯಿ ಅಳೆಯುವ ರೈತ ಮಹಿಳೆಯ ಆ ಚಿತ್ರ ಕಪ್ಪು-ಬಿಳುಪಿನಲ್ಲಿಯೇ ಚೆನ್ನಾಗಿದ್ದರೆ ನಾನು ಅದನ್ನು ಸರಣಿಯಿಂದ ಹೊರಗಿಟ್ಟು ಬೇರೆಯಾಗಿಯೇ ತೋರಿಸುತ್ತೇನೆ.