ಡಿಫಾಲ್ಟ್ ಎಕ್ಸ್‌ಪೋರ್ಟ್ ಬಿಟ್ಟುಬಿಡೋಣವಾ?

ಪರ

ದಾವಣಗೆರೆಯ ಮೆಕ್ಕೆಜೋಳದ ವ್ಯಾಪಾರಿಗಳಿಗೆ ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕ್ವಿಂಟಾಲ್ ದರದ ಫಂಕ್ಷನ್ ಒಂದು ಫೈಲಿನಲ್ಲಿ, ಚೀಲದ ದರದ್ದು ಪಕ್ಕದ ಫೈಲಿನಲ್ಲಿ. ಎರಡೂ ಜಾವಾಸ್ಕ್ರಿಪ್ಟ್‌ನ ಡಿಫಾಲ್ಟ್ ಎಕ್ಸ್‌ಪೋರ್ಟ್, ಅಂದರೆ ಒಂದು ಫೈಲು ಬೇರೆ ಫೈಲುಗಳಿಗೆ ಹೆಸರಿನ ಹಂಗಿಲ್ಲದೆ ಕೊಡುವ ಮುಖ್ಯ ವಸ್ತು. ಒಂದು ಸಂಜೆ ಮನೆಗೆ ಹೊರಡುವ ಗಡಿಬಿಡಿಯಲ್ಲಿ ‘ಇಂಪೋರ್ಟ್ ಕ್ವಿಂಟಾಲ್‌ರೇಟ್’ ಅಂತ ಬರೆದು, ಪಾತ್ (ಫೈಲಿನ ವಿಳಾಸ) ಮಾತ್ರ ಚೀಲದ ಫೈಲಿನದು ಕೊಟ್ಟೆ. ಎರರ್ ಬಂತಾ? ಇಲ್ಲ. ಡಿಫಾಲ್ಟ್ ಅಂದರೆ ತರಿಸಿಕೊಳ್ಳುವವರು ಇಟ್ಟಿದ್ದೇ ಹೆಸರು. ಅಂಕಿಯ ಜಾಗದಲ್ಲಿ ಅಕ್ಷರ ಬಂದಂಥ ತಪ್ಪು ಹಿಡಿಯುವ ಟೈಪ್‌ಸ್ಕ್ರಿಪ್ಟ್ ಕೂಡ ಸುಮ್ಮನಿತ್ತು, ಎರಡೂ ಫಂಕ್ಷನ್ ಅಂಕಿ ತಗೊಂಡು ಅಂಕಿ ಕೊಡುವಂಥವೇ ಅಲ್ವಾ. ಬೆಳಿಗ್ಗೆ ದಲಾಲರೊಬ್ಬರ ಫೋನ್: ಕ್ವಿಂಟಾಲಿಗೆ ಚೀಲದ ರೇಟು ಬಿದ್ದಿದೆ!

ನೇಮ್ಡ್ ಎಕ್ಸ್‌ಪೋರ್ಟ್ (ಹೆಸರಿಟ್ಟು ಕೊಟ್ಟು, ಅದೇ ಹೆಸರಲ್ಲಿ ತರಿಸಿಕೊಳ್ಳುವ ಬಗೆ) ಆಗಿದ್ದರೆ ಕೋಡ್ ಓಡುವ ಮುಂಚೆಯೇ ‘ಆ ಹೆಸರಿನದು ಇಲ್ಲಿಲ್ಲ’ ಎಂದು ಸಿಂಟ್ಯಾಕ್ಸ್ ಎರರ್ ಬರುತ್ತಿತ್ತು. ಹೆಸರು ಬದಲಿಸಲೇಬೇಕು ಅಂದರೆ ‘ಆ್ಯಸ್’ ಹಾಕಿ ಬೇಕಂತಲೇ ಬದಲಿಸಬೇಕು, ಕೈತಪ್ಪಿ ಆಗುವುದಿಲ್ಲ. ಹುಡುಕುವುದಕ್ಕೂ ಸಲೀಸು. ನಮ್ಮಲ್ಲಿ ಒಂದೇ ಫಂಕ್ಷನ್ ರೇಟ್, ಗೆಟ್‌ರೇಟ್, ದರ ಅಂತ ಮೂರು ಹೆಸರಲ್ಲಿ ಓಡಾಡುತ್ತಿತ್ತು. ಕೋಡ್ ಹೇಗೆ ಬರೆಯಬೇಕು ಅಂತ ಹೇಳುವ ಗೂಗಲ್‌ನ ಜಾವಾಸ್ಕ್ರಿಪ್ಟ್ ಸ್ಟೈಲ್ ಗೈಡ್ ಡಿಫಾಲ್ಟ್ ಬೇಡ ಅಂತ ನೇರವಾಗಿಯೇ ಹೇಳುತ್ತದೆ.

ವಿರೋಧ

ಆ ಫೋನ್ ಎತ್ತಿದವನು ನಾನು. ‘ಏನ್ ತಮ್ಮಾ, ಹಿಂಗಾ ಲೆಕ್ಕ ಹಾಕೋದು?’ ಅಂತ ಬೈಸಿಕೊಂಡಿದ್ದೂ ನಾನೇ. ಆದರೂ ಮೇಲೆ ಬರೆದಿರುವ ಅಕ್ಕನ ಮಾತು ಒಪ್ಪಲ್ಲ.

ಡಿಫಾಲ್ಟ್ ಒಂದು ಫೈಲಿಗೆ ಒಂದೇ. ಅದನ್ನು ಬರೆಯುವಾಗ ‘ಈ ಫೈಲ್ ಇರೋದು ಯಾತಕ್ಕೆ?’ ಅಂತ ಯೋಚಿಸಲೇಬೇಕಾಗುತ್ತದೆ. ನೇಮ್ಡ್ ಮಾತ್ರ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ, ಚಿಲ್ಲರೆ ಕೆಲಸಗಳ ನಮ್ಮ ‘ಯುಟಿಲ್ಸ್’ ಫೈಲ್ ತೆರೆದು ನೋಡಿ. ತಾರೀಖು, ತೆರಿಗೆ, ಪಿಡಿಎಫ್, ಎಸ್ಸೆಮ್ಮೆಸ್ ಎಲ್ಲ ಒಂದೇ ಕಡೆ, ಭಾನುವಾರದ ಸಂತೆ.

ಇನ್ನು ಪರದೆ ಕಟ್ಟುವ ಲೈಬ್ರರಿ ರಿಯಾಕ್ಟ್‌ನಲ್ಲಿ, ಬೇಕಾದಾಗಷ್ಟೇ ಕೋಡ್ ತರಿಸುವ ‘ಲೇಜಿ’ ಕೇಳುವುದೇ ಡಿಫಾಲ್ಟ್. ರಿಯಾಕ್ಟ್ ಮೇಲೆ ಕಟ್ಟಿದ ನೆಕ್ಸ್ಟ್ ಜೆಎಸ್‌ನ ಪೇಜ್ ಫೈಲೂ ಅಷ್ಟೇ. ಅಂದರೆ ನಿಯಮ ಬಂದ ದಿನವೇ ರಿಯಾಯಿತಿ ಪಟ್ಟಿಯೂ ಬರಬೇಕು. ಗೂಗಲ್ ಮಾತೇ ಕೊನೆ ಅಂತಲೂ ಇಲ್ಲ: ಒಂದೇ ಎಕ್ಸ್‌ಪೋರ್ಟ್ ಇದ್ದರೆ ಡಿಫಾಲ್ಟ್ ಮಾಡಿ ಅನ್ನುತ್ತದೆ ಏರ್‌ಬಿಎನ್‌ಬಿ ಗೈಡ್. 2015ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೆ ಮಾಡ್ಯೂಲ್ (ಫೈಲುಗಳ ನಡುವೆ ಕೊಟ್ಟು ತಗೊಳ್ಳುವ ವ್ಯವಸ್ಥೆ) ಬಂದಾಗಲೇ ಎರಡೂ ಬಗೆ ಜೊತೆಗೇ ಬಂದವು. ಕೋಡಿನ ತಪ್ಪು ಹುಡುಕುವ ಇಎಸ್‌ಲಿಂಟ್‌ನ ಇಂಪೋರ್ಟ್ ಪ್ಲಗಿನ್‌ನಲ್ಲಂತೂ ಡಿಫಾಲ್ಟ್ ಬೇಕು ಅನ್ನೋ ನಿಯಮವೂ ಇದೆ, ಬೇಡ ಅನ್ನೋದೂ ಇದೆ!

ನಿಜವಾಗಿ ನಮ್ಮಲ್ಲಿ ಇಲ್ಲದೇ ಇದ್ದದ್ದು ಟೆಸ್ಟ್. 100 ಕೆಜಿ ಹಾಕಿದರೆ ಕ್ವಿಂಟಾಲ್ ದರವೇ ಬರಬೇಕು ಅಂತ ಈಗ ಒಂದು ಬರೆದಿದ್ದೇನೆ. ಐದೇ ಸಾಲು. ಅಕ್ಕ ಇನ್ನೂ ರಿವ್ಯೂ ಮಾಡಿಲ್ಲ.